ನೆತ್ತಿಯ ಮೇಲಿನ ಕೈ

ಕುಲಾಯಿ ಜಾರಿದೆ, ಆಕೆಗೆ ಯಾರಾದರೂ ಹೇಳಬೇಕು, ಮುಂದಿನ ಸೀಟಿನ ಹೆಂಗಸಿನ ಹೆಗಲ ಮೇಲೆ ಕೂಸು ನಿದ್ದೆ ಹೋಗಿದೆ, ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಅದರ ತಲೆಯೂ ವಾಲುತ್ತದೆ, ಕುಲಾಯಿ ಹಿಂದಕ್ಕೆ ಸರಿದು ನೆತ್ತಿ ಕಾಣುತ್ತಿದೆ, ಇನ್ನೂ ಕೂಡದ ನೆತ್ತಿ, ತೆಳ್ಳನೆಯ ಕೂದಲಿನ ಕೆಳಗೆ ಪುಟುಪುಟು ಬಡಿಯುತ್ತಿದೆ, ನೋಡಬಾರದು ಎಂದು ಕಿಟಕಿಯ ಕಡೆ ತಿರುಗಿದರೆ ಗೇರುಮರ, ಮತ್ತೆ ಗೇರುಮರ, ತಿರುಗಿ ನೋಡಿದರೆ ಅದೇ ನೆತ್ತಿ. ಹೇಳಲೇ, ಬೇಡ, ಹೇಳಿದರೆ ಆಕೆ ತಿರುಗುತ್ತಾಳೆ, ತಿರುಗಿದರೆ ನನ್ನ ಮುಖ ಕಾಣುತ್ತದೆ, ಸೋರುವ ಮೂಗು, ನೀರು ತುಂಬಿದ ಕಣ್ಣು, ಬಿಡದೆ ಬರುವ ಆಕಳಿಕೆ, ಕಳ್ಳನ ಮನಸ್ಸು ಹುಳ್ಳಹುಳ್ಳಗೆ, ಯಾರು ನೋಡಿದರೂ ಗೊತ್ತಾಗಿಯೇ ಹೋಯಿತು ಅನ್ನಿಸುತ್ತದೆ. ನೆಗಡಿ ಅನ್ನಬಹುದು. ಮಳೆಗಾಲ ಮುಗಿಯುವ ಹೊತ್ತಿಗೆ ಗೋವೆಯಲ್ಲಿ ಅರ್ಧ ಮಂದಿಗೆ ನೆಗಡಿ, ಅವರಲ್ಲಿ ನಶೆಯ ಗುಳಿಗೆಯ ಗಿರಾಕಿ ಯಾರು ಎಂದು ದೇವರೇ ಇಳಿದು ಬಂದು ಹೇಳಬೇಕು. ನಿನ್ನೆ ಸಂಜೆಯಿಂದ ನುಂಗಿಲ್ಲ. ಇದೊಂದು ದಿನ ಅಪ್ಪಾಸಾಬ, ಇದೊಂದೇ ದಿನ ಎಂದು ನನಗೆ ನಾನೇ ಹೇಳಿಕೊಂಡು ಕೆಪೆಯಲ್ಲಿ ಮೊದಲ ಬಸ್ಸು ಹತ್ತಿದ್ದೇನೆ, ಫೋಂಡಾದಲ್ಲಿ ಇಳಿದು ಈ ಬಸ್ಸು ಹಿಡಿದಿದ್ದೇನೆ, ಇವತ್ತು ವಾಳಪೈಯಲ್ಲಿ ಅಕ್ಕನ ಮಗನ ಜಾವಳ, ಹುಟ್ಟುಗೂದಲು ತೆಗೆಯುವ ದಿನ, ಸೋದರಮಾವ ತೊಡೆಯ ಮೇಲೆ ಕೂಸನ್ನು ಕೂಡಿಸಿಕೊಂಡು ಐದು ಕಡೆ ಕತ್ತರಿ ಆಡಿಸಬೇಕು, ಮುಂದೊಂದು, ಹಿಂದೊಂದು, ಎಡ, ಬಲ, ಕೊನೆಗೆ ನೆತ್ತಿಯದು, ಆಮೇಲೆ ಕ್ಷೌರದವನು ಕೂತು ಬೋಳಿಸುತ್ತಾನೆ, ಆದರೆ ಆ ಐದು ಎಳೆ ಮಾತ್ರ ಸೋದರಮಾವನವು. ಸೋದರಮಾವ ಅಂದರೆ ನಾನೇ, ಬೇರೆ ಯಾರೂ ಇಲ್ಲ, ಅಕ್ಕನ ಕರ್ಮ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿಲ್ಲದೆ, ಹರಕೆ ಹೊತ್ತು ಪಡೆದ ಗಂಡುಕೂಸು, ಅದಕ್ಕೆ ನಮ್ಮ ಅಪ್ಪನ ಹೆಸರಿಟ್ಟಿದ್ದಾಳೆ, ಭರಮಪ್ಪ, ಕರೆಯುವುದು ಭರಮು. ಫೋನಿನಲ್ಲಿ ಅಂದಳು, ಬಾರೋ ತಮ್ಮಾ, ಅವ್ವ ಹೋದ ಮ್ಯಾಲ ನನಗ ತವರಂದ್ರ ನೀ ಒಬ್ಬನ, ನಮ್ಮನಿಯವ್ರು ಮೈಬೂಬಣ್ಣನ ಕೈಲೆ ತಗಸೂಣು ಅಂತಾರ, ಬಾಜೂ ಮನಿಯಾಂವ, ಅಣ್ಣ ಇದ್ದಂಗ ಅದಾನ ಅಂತ, ನಾ ಒಲ್ಲೆ ಅಂದೇನಿ, ಬೆನ್ನಿಗೆ ಬಿದ್ದ ತಮ್ಮ ಇರಬೇಕಾದ್ರ ಮಂದಿ ಕೈಲೆ ಯಾಕ, ಆಮೇಲೆ ದನಿ ಇಳಿಸಿ, ಖರೇ ಹಂಗ ಬರಬ್ಯಾಡ, ನೆಟ್ಟಗ ಬಾ. ಹಂಗ ಅಂದರೆ ಹೇಗೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವ್ವನ ಹೆಣದ ಮುಂದೆ ಕೂತು ತೂಕಡಿಸಿದವನನ್ನು ನೋಡಿದವಳು ಅವಳು, ಮಣ್ಣು ಕೊಡಲು ಕರೆದಾಗ ಏಳಲಾರದೆ ಗೋಡೆಗೆ ಒರಗಿದ್ದೆ, ಪಾಪ, ಹುಡುಗಗ ದುಃಖ ಭಾಳ ಆಗೇತಿ ಅಂದರು ಮಂದಿ, ಅಕ್ಕ ಒಬ್ಬಳೇ ಬಾಗಿ ನನ್ನ ಕಣ್ಣು ನೋಡಿದಳು. ಈಗ ಎಡಗಿಸೆಯಲ್ಲಿ ಕೆಂಪು ಕುಲಾಯಿ, ಬೋಳಿಸಿದ ತಲೆಗೆ ಮಾವನೇ ತೊಡಿಸಬೇಕೆಂದು ಕೆಪೆಯ ಸಂತೆಯಲ್ಲಿ ಹತ್ತು ಕುಲಾಯಿ ಕೆಡವಿ ಆರಿಸಿದ್ದು, ಬಲಗಿಸೆಯಲ್ಲಿ ಗುಳಿಗೆಯ ಪಟ್ಟಿ. ಅದು ನುಂಗಲಿಕ್ಕಲ್ಲ, ಜೊತೆಗಿದ್ದರೆ ಧೈರ್ಯ, ಅಷ್ಟೇ.

ಮೋಜಿಗೆ ಶುರುವಾದದ್ದಲ್ಲ ಅಂದರೆ ಯಾರು ನಂಬುತ್ತಾರೆ, ಗೋವೆಯಲ್ಲಿದ್ದೇನೆ ಅಂದರೆ ಸಾಕು, ಸಿಂದಗಿ ಕಡೆಯ ನೆಂಟರು ಕಣ್ಣು ಮಿಟುಕಿಸುತ್ತಾರೆ, ಏನಪಾ, ಬೀಚು, ಬಾಟ್ಲಿ, ಮಜಾ ಐತೇಳು ನಿಮ್ದು — ಕೆಪೆಯ ಕಲ್ಲಿನ ಖಣಿಗೆ ಬೀಚು ಎಲ್ಲಿಂದ ಬರಬೇಕು, ಅಲ್ಲಿ ಕೆಂಪು ಧೂಳು, ಕೆಂಪು ನೀರು, ಉಗುಳಿದರೂ ಕೆಂಪು, ಯಂತ್ರ ಕೊಯ್ದು ಹಾಕಿದ ಚಿರೆಕಲ್ಲನ್ನು ಎತ್ತಿ ಎತ್ತಿ ಲಾರಿ ತುಂಬುವುದು, ಊರಿನ ಎಲ್ಲ ಬಂಗಲೆಗಳ ಗೋಡೆಯೂ ನಮ್ಮ ಸೊಂಟ ದಾಟಿಯೇ ಹೋಗಬೇಕು. ಒಂದು ದಿನ ಕಲ್ಲು ಎತ್ತಿದವನಿಗೆ ಸೊಂಟದಲ್ಲಿ ಚಳಕು ಹಿಡಿಯಿತು, ಕೆಳಗಿಡಲೂ ಆಗಲಿಲ್ಲ, ಮೇಲೇಳಲೂ ಆಗಲಿಲ್ಲ, ಪಕ್ಕದಲ್ಲಿ ಕಲ್ಲು ಹೊರುತ್ತಿದ್ದ ಭರತ ಕಿಸೆಯಿಂದ ನೋವಿನ ಗುಳಿಗೆ ತೆಗೆದು ಕೊಟ್ಟ, ಇದನ್ನ ನುಂಗು ದೋಸ್ತಾ, ಕಲ್ಲು ಹತ್ತಿ ಆಕ್ಕಾವ ನೋಡು. ಖರೇ ಹತ್ತಿಯಾದವು. ಕಲ್ಲಷ್ಟೇ ಅಲ್ಲ, ಎಲ್ಲವೂ ಹತ್ತಿ, ಕೋಣೆಯ ಮಾಲಕಿಣಿ ನಲ್ಲಿಯ ಹತ್ತಿರ ಘಾಂಟಿ, ಘಟ್ಟದಾಚೆಯ ಕೂಲಿ, ಎಂದು ಬೈದರೂ ಹತ್ತಿ, ಚಹಾದಂಗಡಿಯವನು ಗ್ಲಾಸು ಇಡುತ್ತ ತೂಂ ಖಂಯ್ಚೊ ಎಂದು ಕೇಳಿದರೂ ಹತ್ತಿ, ನೀನು ಎಲ್ಲಿಯವ, ನೀನು ಎಲ್ಲಿಯವ, ಹುಟ್ಟಿದಾಗಿನಿಂದ ಇದೇ ಪ್ರಶ್ನೆ. ಹಾಂವ್ ಹಾಂಗಾಚೊಚ್, ನಾನು ಇಲ್ಲಿಯವನೇ, ಬಂದರಿನ ಬದಿಯ ಬಾಯ್ನಾದಲ್ಲಿ ಹುಟ್ಟಿದವ, ಎಂದು ಅವರದೇ ಕೊಂಕಣಿಯಲ್ಲಿ ಹೇಳಿದರೆ ನಗುತ್ತಾರೆ, ಅದಲ್ಲವೋ, ನಿನ್ನ ಅಪ್ಪನ ಊರು? ಅಪ್ಪ ಬಂದರಿನಲ್ಲಿ ಚೀಲ ಹೊತ್ತು ಬಂದರಿನಲ್ಲೇ ಬಿದ್ದು ಸತ್ತ, ಅವನ ಊರಿಗೆ ಹೋದರೆ ಗೋವಾದಾಂವ ಬಂದ, ಗೋವೆಗೆ ಬಂದರೆ ಘಾಂಟಿ ಬಂದ, ಎರಡೂ ಕಡೆ ಜಗಲಿಯ ಮೇಲೇ ಕೂಡಿಸಿ ನೀರು ಕೊಟ್ಟವರು, ಎಡಬಿಡಂಗಿ ಬಾಳು, ಗುಳಿಗೆ ಒಂದೇ ನನ್ನನ್ನು ಎಲ್ಲಿಯವ ಎಂದು ಕೇಳದೆ ಒಳಗೆ ಕರೆದದ್ದು. ಒಳಗೆ ಕರೆದು ಬಾಗಿಲು ಹಾಕಿಕೊಂಡಿತು, ಅದು ಆಮೇಲೆ ಗೊತ್ತಾಯಿತು. ಸೊಂಟ ನೆಟ್ಟಗಾಗಿ ಎಷ್ಟೋ ಕಾಲ ಆಯಿತು, ಈಗ ನುಂಗದಿದ್ದರೆ ಮಾತ್ರ ನೋವು, ಎಲುಬಿನ ಒಳಗೆ ಇರುವೆ ಹರಿದಂತೆ, ಕಾಲು ತಾನೇ ಒದೆಯುತ್ತದೆ, ಮೈಯೆಲ್ಲ ಮುಳ್ಳೇಳುತ್ತದೆ. ಭರತ ಹೋಳಿಯ ಮರುದಿನ ಖಣಿಯ ನೀರಿನ ಪಕ್ಕ ಕೂತವನು ಕೂತಲ್ಲೇ ತಣ್ಣಗಾಗಿದ್ದ, ಮೊಣಕಾಲಿನ ಮೇಲೆ ಕೈ, ಕೈಯಲ್ಲಿ ಆರಿದ ಬೀಡಿ, ನಾವೆಲ್ಲ ಅವನನ್ನು ನೋಡಿ ಅತ್ತೆವು, ಅತ್ತು ಅದೇ ಸಂಜೆ ಅವನ ನೆನಪಿಗೆ ನುಂಗಿದೆವು. ನಗಬೇಕೋ ಅಳಬೇಕೋ ಹೇಳಿ.

ವಾಳಪೈ ಬಂತು, ಆ ಹೆಂಗಸು ಇಳಿದಳು, ಕುಲಾಯಿ ಹಾಗೇ ಇತ್ತು, ಯಾರೂ ಹೇಳಲಿಲ್ಲ. ಮಾರ್ಕೆಟ್ಟಿನ ಹಿಂದೆ ಚಾಳು, ತಗಡಿನ ಮಾಡಿನ ಸಾಲು ಕೋಣೆಗಳು, ಅರ್ಧ ವಿಜಯಪುರ ಅರ್ಧ ಕೊಪ್ಪಳ, ಅಂಗಳದಲ್ಲಿ ಸೀರೆ ಕಟ್ಟಿ ನೆರಳು ಮಾಡಿದ್ದಾರೆ, ಕರಿ ಕಂಬಳಿ ಹಾಸಿದ್ದಾರೆ, ಒಲೆಯ ಮೇಲೆ ಹೂರಣದ ವಾಸನೆ. ಅಕ್ಕ ಓಡಿ ಬಂದಳು, ಮಾತಿಗಿಂತ ಮೊದಲು ಕಣ್ಣು ನೋಡಿದಳು, ಅವಳಿಗೆ ಗೊತ್ತು, ನುಂಗಿದಾಗ ಕಣ್ಣಿನ ಗೊಂಬೆ ಸಾಸಿವೆಯಷ್ಟಾಗುತ್ತದೆ, ಇವತ್ತು ಹಾಗಿಲ್ಲ, ಇವತ್ತು ದೊಡ್ಡದಿದೆ, ಅವಳ ಮುಖ ಅರಳಿತು, ನನ್ನ ಎರಡೂ ಕೆನ್ನೆ ಹಿಡಿದು ಇಡೀ ಚಾಳಿಗೆ ಕೇಳುವಂತೆ, ನನ್ನ ತಮ್ಮ ಬಂದ ನೋಡ್ರಿ, ಬಂದ ನೋಡ್ರಿ ನಮ್ಮ ಅಪ್ಪಾಸಾಬ. ಅಯ್ಯೋ ಅಕ್ಕಾ. ಅಷ್ಟು ಜೋರಾಗಿ ನನ್ನ ಹೆಸರನ್ನು ಯಾರೂ ಕೂಗಿಲ್ಲ, ಕೂಗುವಂಥದ್ದು ನಾನೇನೂ ಮಾಡಿಲ್ಲ. ಅವಳ ಗಂಡ ಸಂಗಣ್ಣ ಚಹಾ ತಂದುಕೊಟ್ಟ, ಬಸಿಯಲ್ಲಿ ಕಪ್ಪು ಗಲಗಲ ಅಂದಿತು, ಅರ್ಧ ಚಹಾ ಅಂಗಿಯ ಮೇಲೆ, ಕೈ ಯಾಕೋ ಹಂಗ ನಡಗಾಕತ್ತೇತಿ ಎಂದ, ಅವನು ಗೌಂಡಿ, ಓಳಂಬಿ ಬಿಟ್ಟು ಗೋಡೆಯ ಡೊಂಕು ಹಿಡಿಯುವವ, ನನ್ನನ್ನೂ ಹಾಗೇ ಮೇಲಿನಿಂದ ಕೆಳಗೆ ನೋಡಿದ, ಉಪಾಸ ಅದಾನ್ರಿ, ಅದಕ್ಕ ಎಂದಳು ಅಕ್ಕ. ಮೈಬೂಬಸಾಬ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ, ಟೆಂಪೋ ಹೊಡೆದು ಹೊಡೆದು ದಪ್ಪಗಾದ ಕೈಗಳಿಂದ ಭರಮೂನ ಗಲ್ಲ ಹಿಡಿದು ಆಡಿಸುತ್ತಿದ್ದ, ಅವನ ಹೆಂಡತಿ ಜೈನಬ ಕೂಸಿನ ತಲೆ ಸವರಿ, ನೆತ್ತಿ ಇನ್ನೂ ಹಸೀ ಐತಿ ತಮ್ಮಾ, ಅಲ್ಲಿ ಮಾತ್ರ ಹಗೂರಕ ಎಂದಳು. ನೋಡಿದೆ. ಎಣ್ಣೆ ಹಚ್ಚಿದ ಕರಿ ಗುಂಗುರು ಕೂದಲು, ನಡುವೆ ತಗ್ಗು, ತಗ್ಗಿನಲ್ಲಿ ಪುಟುಪುಟು. ನಡುಗುವ ಈ ಕೈ, ಆ ಕತ್ತರಿ, ಆ ತಗ್ಗು. ಆಗುವುದಿಲ್ಲ. ಸಂಡಾಸಕ್ಕ ಹೋಗಿ ಬರ್ತೇನಿ ಎಂದು ಚಾಳಿನ ಹಿಂದೆ ಹೋದೆ, ಸಂಡಾಸದ ತಗಡಿನ ಬಾಗಿಲು ಹಾಕಿಕೊಂಡು ನಿಂತೆ, ನುಂಗುವುದಿಲ್ಲ ಎಂದು ನಿಂತೆ, ಅಂಗಳದಲ್ಲಿ ಹೆಂಗಸರು ಹಾಡು ಶುರು ಮಾಡಿದ್ದರು, ಸೋದರಮಾವ ಬಂದ ಎಂದೇನೋ ಸೊಲ್ಲು, ನನ್ನದೇ ಹಾಡು, ಕೈ ನೋಡಿಕೊಂಡೆ, ಗಾಳಿಗೆ ಸಿಕ್ಕ ಎಲೆ, ಈ ಕೈಯಿಂದ ಕೂಸಿಗೆ ಏನಾದರೂ ಆದರೆ? ನುಂಗಿದರೆ ಕೈ ನಿಲ್ಲುತ್ತದೆ. ಕೂಸಿಗಾಗಿ ನುಂಗಬೇಕು. ನನಗಲ್ಲ, ಇದು ನನಗಲ್ಲ, ದೇವರಾಣೆ ಭರಮೂಗಾಗಿ, ಒಂದು ನುಂಗಿದೆ, ಒಂದು ಈಗ ಯಾವ ಮೂಲೆಗೂ ಸಾಲುವುದಿಲ್ಲ, ಅರ್ಧಂಬರ್ಧ ಕೈ ನಿಂತರೆ ಇನ್ನೂ ಕೆಡುಕು, ಮತ್ತೆರಡು ನುಂಗಿದೆ. ನೀರಿಲ್ಲದೆ ನುಂಗುವುದು ಅಭ್ಯಾಸವಾಗಿದೆ.

ಪೂಜೆ ಮುಗಿಯುವ ಹೊತ್ತಿಗೆ ಇರುವೆಗಳು ಒಂದೊಂದಾಗಿ ಎಲುಬು ಬಿಟ್ಟು ಹೋದವು, ಮೂಗು ನಿಂತಿತು, ಕೈ ನಿಂತಿತು, ಹುಲಿಗೆಮ್ಮನ ಫೋಟೋಕ್ಕೆ ಕಾಯಿ ಒಡೆದವನೂ ನಾನೇ, ಒಂದೇ ಏಟಿಗೆ ಎರಡು ಸಮ ಹೋಳು, ಶಾಣ್ಯಾ ಸೋದರಮಾವ ಎಂದರು ಹೆಂಗಸರು, ಕಂಬಳಿಯ ಮೇಲೆ ಚಕ್ಕಳಮಕ್ಕಳ ಕೂತೆ, ಅಕ್ಕ ಕೂಸನ್ನು ತಂದು ತೊಡೆಯ ಮೇಲೆ ಕೂಡಿಸಿದಳು, ಬಾಗಿದವಳು ಒಂದು ಗಳಿಗೆ ನನ್ನ ಕಣ್ಣು ನೋಡಿದಳು. ಸಾಸಿವೆ. ನೋಡಿದಳು, ಅವಳಿಗೆ ಗೊತ್ತಾಯಿತು, ನನಗೂ ಗೊತ್ತಾಯಿತು ಅವಳಿಗೆ ಗೊತ್ತಾಯಿತೆಂದು, ಮುಖದ ಬೆಳಕು ಆರಿತು, ಕೂಸನ್ನು ಎತ್ತಿಕೊಂಡು ಬಿಡಬಹುದಿತ್ತು, ಎಷ್ಟು ಮಂದಿ ನೋಡುತ್ತಿದ್ದರು, ಎತ್ತಿಕೊಳ್ಳಲಿಲ್ಲ, ಸೆರಗು ಒಡ್ಡಿ ನನ್ನ ಎದುರಿಗೇ ಮೊಣಕಾಲೂರಿ ಕೂತಳು, ಕೂದಲು ನೆಲಕ್ಕೆ ಬೀಳಬಾರದಲ್ಲ. ಮೊದಲನೆಯದು ಮುಂದಿನದು, ಕಚ್ ಎಂದು ಎಷ್ಟು ಚಂದ ಬಂತು, ಸೆರಗಿಗೆ ಬಿತ್ತು, ಸೋಬಾನೆ ಎಂದರು, ನನ್ನ ಎದೆ ತುಂಬಿತು, ಸುಳ್ಳಲ್ಲ, ಗುಳಿಗೆಯದಷ್ಟೇ ಅಲ್ಲ ಆ ತುಂಬುವಿಕೆ, ನನ್ನ ಅಕ್ಕನ ಮಗ, ನನ್ನ ಅಪ್ಪನ ಹೆಸರು, ನನ್ನ ತೊಡೆಯ ಮೇಲೆ, ಇಲ್ಲಿ ಯಾರೂ ನೀನು ಎಲ್ಲಿಯವ ಎಂದು ಕೇಳುವುದಿಲ್ಲ. ಹಿಂದಿನದು. ಎಡಗಡೆಯದು. ಕೂಸಿನ ಮೈ ಬೆಚ್ಚಗೆ, ಕೊಬ್ಬರಿ ಎಣ್ಣೆಯ ವಾಸನೆ, ಅವ್ವ ಹೀಗೇ ಅಂಗೈ ತುಂಬ ಎಣ್ಣೆ ಸುರಿದು ನೆತ್ತಿಗೆ ತಟ್ಟುತ್ತಿದ್ದಳು, ಅವ್ವ ದುಡಿಯಲು ಹೋದ ದಿನ ಅಕ್ಕ ತಟ್ಟುತ್ತಿದ್ದಳು, ತನಗೇ ಎಣ್ಣೆ ಹಚ್ಚಿಕೊಳ್ಳಲು ಬಾರದ ವಯಸ್ಸು, ನೆತ್ತಿ ತಂಪಿರಬೇಕು ತಮ್ಮಾ, ಅಲ್ಲಾಡಬ್ಯಾಡ. ಬಲಗಡೆಯದು. ಹಾಡು ದೂರ ಹೋಯಿತು, ಬಾಯ್ನಾದ ಸಮುದ್ರ ಅದು, ಹಾಡಲ್ಲ, ನಮ್ಮ ಗುಡಿಸಲು ಕೆಡವಲು ಬುಲ್ಡೋಜರ್ ಬಂದ ಮಳೆಗಾಲ, ಅಪ್ಪ ಪಾತ್ರೆ ಹೊರಗೆ ಹಾಕುತ್ತಿದ್ದಾನೆ, ಅವ್ವ ದೇವರ ಫೋಟೋ ತಬ್ಬಿಕೊಂಡು ಕೂಗುತ್ತಿದ್ದಾಳೆ, ನಾನು ಒಳಗೇ ಉಳಿದಿದ್ದೇನೆ, ಅಕ್ಕ ಪರಕಾರದ ನೆರಿಗೆ ಎತ್ತಿಕೊಂಡು ಒಳಗೆ ನುಗ್ಗಿ ಬಂದಳು, ನನ್ನನ್ನು ಹೊಟ್ಟೆಗೆ ಅವಚಿಕೊಂಡಳು, ನನ್ನ ನೆತ್ತಿಯ ಮೇಲೆ ತನ್ನ ಕೈ ಇಟ್ಟಳು, ಕಣ್ ಮುಚ್ಚು, ನಾ ಅದೇನಿ, ಕಣ್ ಮುಚ್ಚು, ಮಾಡಿನ ತಗಡು ಕಿರ್ರೆಂದು ಇಳಿಯಿತು, ಅದರ ಅಂಚು ನನ್ನ ತಲೆಯ ಮೇಲೆ ಬೀಳಬೇಕಾದದ್ದು ಅವಳ ಕೈಯ ಮೇಲೆ ಬಿತ್ತು, ಹೆಬ್ಬೆರಳಿನಿಂದ ಮಣಿಕಟ್ಟಿನ ತನಕ, ಇವತ್ತಿಗೂ ಬಿಳಿ ಗೆರೆಯಿದೆ, ನಾನು ಅತ್ತದ್ದು ನೆನಪಿದೆ, ಅವಳು ಅತ್ತದ್ದು ನೆನಪಿಲ್ಲ. ಇನ್ನೊಂದು ಉಳಿಯಿತು, ನೆತ್ತಿಯದು ಎಂದರು ಯಾರೋ. ಕೂದಲು ಹಿಡಿದೆ. ಪುಟುಪುಟು, ಪುಟುಪುಟು, ಎಷ್ಟು ಚಂದ ಬಡಿಯುತ್ತದೆ, ನೋಡುತ್ತ ನೋಡುತ್ತ ಅದರ ತಾಳಕ್ಕೆ ನನ್ನ ರೆಪ್ಪೆಯೂ, ಕಣ್ ಮುಚ್ಚು, ನಾ ಅದೇನಿ — ಎಲ್ಲವೂ ಹತ್ತಿ, ಕಲ್ಲು ಹತ್ತಿ, ಕತ್ತರಿ ಹತ್ತಿ, ತಲೆ ಮುಂದಕ್ಕೆ ಬಾಗಿತು, ಕೈಯೂ ಅದರ ಹಿಂದೆಯೇ ಹೋಯಿತು.

ಕಿರುಚಾಟ ಏನೂ ಆಗಲಿಲ್ಲ. ಸ್ ಎಂಬ ಸದ್ದು ಅಷ್ಟೇ, ಸಾರಿನ ಒಗ್ಗರಣೆಗೆ ನೀರು ಬಿದ್ದಂತೆ, ಕಣ್ಣು ಬಿಟ್ಟೆ, ಕತ್ತರಿಯ ಮೊನೆ ಇಳಿದಿತ್ತು, ಆದರೆ ನೆತ್ತಿಗಲ್ಲ, ನೆತ್ತಿಯ ಮೇಲೆ ಅಕ್ಕನ ಕೈ ಇತ್ತು, ಬಿಳಿ ಗೆರೆಯ ಕೈ, ಗೆರೆಯ ಪಕ್ಕದಲ್ಲೇ ಮೊನೆ ನಾಟಿ ನಿಂತಿತ್ತು, ಅವಳು ಯಾವಾಗ ಕೈ ಇಟ್ಟಳು, ಕಣ್ಣು ನೋಡಿದಾಗಿನಿಂದ ಅದಕ್ಕೇ ಕಾದಿದ್ದಳೇನು, ಸೆರಗು ಒಡ್ಡಿದ್ದು ಅದಕ್ಕೇನು, ಎದುರಿಗೇ ಕೂತದ್ದು ಅದಕ್ಕೇನು, ರಕ್ತ ಬೆರಳ ಸಂದಿಯಿಂದ ಇಳಿದು ಎಣ್ಣೆಗೂದಲಿಗೆ ಅಂಟಿತು, ಕೂಸು ನನ್ನ ಅಂಗಿಯ ಗುಂಡಿ ಹಿಡಿದು ಆಡುತ್ತಿತ್ತು, ಅದಕ್ಕೇನು ಗೊತ್ತು. ಏನಾತು, ಏನಾತು ಎಂದು ಎದ್ದರು, ಏನಾಗಿಲ್ರಿ, ನಂದ ತಪ್ಪು, ನಾನ ಕೈ ಅಡ್ಡ ತಂದ್ನಿ ಎಂದಳು ಅಕ್ಕ, ಮೊನೆಯಿಂದ ಕೈ ಬಿಡಿಸಿಕೊಂಡು ಅದಕ್ಕೆ ಸೆರಗಿನ ತುದಿ ಸುತ್ತಿಕೊಂಡಳು, ಒಳಗಿನ ಕೂದಲು ಚೆಲ್ಲದ ಹಾಗೆ ಇನ್ನೊಂದು ತುದಿ ಹಲ್ಲಿನಲ್ಲಿ ಕಚ್ಚಿ ಹಿಡಿದು ಕೂಸನ್ನು ನನ್ನ ತೊಡೆಯಿಂದ ಎತ್ತಿಕೊಂಡಳು. ತೊಡೆ ತಣ್ಣಗಾಯಿತು. ಸಂಗಣ್ಣ ನನ್ನ ಕಡೆ ಬಂದ, ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದಿದ್ದರೆ ಒಳ್ಳೆಯದಿತ್ತು, ಕತ್ತರಿ ಕಸಿದುಕೊಂಡು ತೊಳೆದ, ಅಷ್ಟೇ. ಮೈಬೂಬಣ್ಣಾ, ಬರ್ರಿ, ನೆತ್ತೀದೊಂದು ಉಳದೇತಿ, ನೀವ ತಗೀರಿ ಎಂದಳು ಅಕ್ಕ. ಮೈಬೂಬಸಾಬ ಎದ್ದು ನಿಂತ, ನನ್ನನ್ನು ನೋಡಿದ, ಒಳ್ಳೆಯ ಮನುಷ್ಯ, ನನ್ನ ಮಾನಕ್ಕೆ ಮುಜುಗರಪಟ್ಟವನು ಅವನೊಬ್ಬ, ನಾ ಹೆಂಗ ತಗೀಲವ್ವಾ, ಸೋದರಮಾವ ಇಲ್ಲೇ ಕುಂತಾನಲ್ಲ ಎಂದ. ಅಕ್ಕ ನನ್ನ ಕಡೆ ನೋಡಲಿಲ್ಲ. ಇಲ್ರಿ, ಅಂದಳು, ಅಂವ ಇನ್ನೂ ಬಂದಿಲ್ಲ.

ಅಂವ ಇನ್ನೂ ಬಂದಿಲ್ಲ. ಬಯ್ಯಲಿಲ್ಲ, ಅಳಲಿಲ್ಲ, ನೀರು ಬಂದಿಲ್ಲ, ಬಸ್ಸು ಬಂದಿಲ್ಲ ಅನ್ನುವ ದನಿಯಲ್ಲೇ ಅಂದಳು. ನಾನು ಕಂಬಳಿ ಬಿಟ್ಟು ಎದ್ದೆ, ಅಲ್ಲಿ ಮೈಬೂಬಸಾಬ ಕೂತ, ಕೈ ತೊಳೆದುಕೊಂಡು, ಬಿಸ್ಮಿಲ್ಲಾ ಎಂದು ತುಟಿಯಲ್ಲೇ ಅಂದುಕೊಂಡು, ಅವನ ದಪ್ಪ ಬೆರಳಿಗೆ ಕತ್ತರಿಯ ಕಿವಿ ಹಿಡಿಸುತ್ತಿರಲಿಲ್ಲ, ಆದರೂ ಎಷ್ಟು ಹಗುರವಾಗಿ ಎಳೆ ತೆಗೆದ, ಸೋಬಾನೆ ಎಂದರು, ಗೋಡೆಗೆ ಆತು ನಿಂತು ನಾನೂ ಅಂದೆ, ಯಾರಿಗೂ ಕೇಳಿಸಲಿಲ್ಲ. ಘಾಂಟಿಗಳ ನಡುವೆಯೂ ಹೊರಗಿನವನಾಗುವುದು ಸುಲಭದ ಕೆಲಸವಲ್ಲ, ಅದನ್ನೂ ಸಾಧಿಸಿದೆ. ಜೈನಬಬಾಯಿ ಬಾಗಿಲ ತನಕ ಬಂದು, ಉಂಡ ಹೋಗೋ ತಮ್ಮಾ, ಹೋಳಿಗಿ ಆಗ್ಯಾವ ಎಂದಳು, ಅದಕ್ಕೇ ಅಳು ಬಂತು, ಬರ್ತೇನ್ರಿ ಎಂದೆ, ಎಲ್ಲಿಗೆ ಬರುತ್ತೇನೆ, ಯಾವಾಗ ಬರುತ್ತೇನೆ. ಅಕ್ಕಾ, ನಾನು ಬಂದಿದ್ದೆ. ಬಸ್ಸಿನಲ್ಲಿ ಇಡೀ ದಾರಿ ನಾನೇ ಇದ್ದೆ, ನಡುಗುತ್ತಿದ್ದವನೇ ನಿನ್ನ ತಮ್ಮ, ನೀನು ಕೆನ್ನೆ ಹಿಡಿದದ್ದು ಅವನದ್ದೇ, ಕೈ ನಿಂತ ಮೇಲೆ ಕೂತವನು ಬೇರೆ, ಆ ನಡುಗುವವನನ್ನೇ ಅಕ್ಕಾ ಕೈ ನಡಗಾಕತ್ತಾವ ಎಂದು ನಿನ್ನ ಮುಂದೆ ನಿಲ್ಲಿಸಿದ್ದರೆ ನೀನು ನಿನ್ನ ಕೈಯನ್ನು ಅವನ ಕೈಯ ಮೇಲಿಟ್ಟು ಐದೂ ಎಳೆ ತೆಗೆಸುತ್ತಿದ್ದೆ, ನನಗೆ ಗೊತ್ತು, ಈಗ ಗೊತ್ತು, ಹೊತ್ತು ಮುಳುಗಿದ ಮೇಲೆ ದಾರಿ ತಿಳಿದರೆ ಏನು ಬಂತು. ಫೋಂಡಾದ ಬಸ್ಸು ಹೊರಟಿದೆ. ಮುಂದಿನ ಸೀಟು ಖಾಲಿ. ಎಡಗಿಸೆಗೆ ಕೈ ಹೋಯಿತು, ಕೆಂಪು ಕುಲಾಯಿ ಅಲ್ಲೇ ಇದೆ, ಕೊಡಲೇ ಇಲ್ಲ, ಈಗ ಭರಮೂನ ತಲೆ ಬೋಳಿಸಿರುತ್ತಾರೆ, ಬರಿದಾದ ತಲೆ, ನೆತ್ತಿಗೆ ಗಾಳಿ ಬಡಿಯುತ್ತಿರುತ್ತದೆ, ಯಾರು ಮುಚ್ಚುತ್ತಾರೆ, ಅಕ್ಕ ಮುಚ್ಚುತ್ತಾಳೆ, ಯಾವ ಕೈಯಿಂದ, ಬಲಗಿಸೆಯಲ್ಲಿ ಪಟ್ಟಿ ಇದೆ, ಉಳಿದಿವೆ, ನುಂಗಿದರೆ ಇದೂ ಹತ್ತಿಯಾಗುತ್ತದೆ, ಬೇಡ, ಇದೊಂದು ಹತ್ತಿಯಾಗುವುದು ಬೇಡ, ಗೇರುಮರ, ಗೇರುಮರ, ಕಣ್ಣು ಮುಚ್ಚಿದರೆ ಮೊನೆ, ಮೊನೆಯ ಕೆಳಗೆ ಅವಳ ಕೈ, ಕೈಯ ಕೆಳಗೆ ನೆತ್ತಿ, ಬಡಿಯುತ್ತಿದೆ, ಕಣ್ಣು ಬಿಟ್ಟರೂ ಮೊನೆ, ಅವಳ ಕೈ, ಅದರ ಕೆಳಗೆ ನೆತ್ತಿ, ಬಡಿಯುತ್ತಿದೆ, ಅವಳ ಕೈ, ನೆತ್ತಿ, ಬಡಿಯುತ್ತಿದೆ